ಮಗನಿಗೆ ಸದಾ ರೈಲಿನದ್ದೇ ಧ್ಯಾನ: ಬಿಡಿಸಬೇಕಾ, ಬಳಸಿಕೊಳ್ಳಬೇಕಾ?

ಪ್ರಶ್ನೆ: ಮೇಡಂ, ನಮ್ಮದು ತಿಪಟೂರು. ಮಗನಿಗೆ 9 ವರ್ಷ, ಮೂರನೇ ಕ್ಲಾಸು. ನಾಲ್ಕನೇ ವರ್ಷದಲ್ಲಿ ಆಟಿಸಂ ಇದೆ ಅಂತ ಗೊತ್ತಾಯಿತು. ಮಾತು ಬರುತ್ತದೆ, ಆದರೆ ಮಾತೆಲ್ಲ ರೈಲಿನದ್ದೇ. ಅರಸೀಕೆರೆಯಿಂದ ಬೆಂಗಳೂರಿನವರೆಗೆ ಸ್ಟೇಷನ್ ಹೆಸರುಗಳನ್ನು ಸಾಲಾಗಿ ಹೇಳುತ್ತಾನೆ. ರೈಲಿನ ನಂಬರ್ ಕೇಳಿದರೆ ಸಾಕು, ಎಲ್ಲಿಂದ ಎಲ್ಲಿಗೆ ಅಂತ ಹೇಳಿಬಿಡುತ್ತಾನೆ. ಕನ್ನಡ ಪುಸ್ತಕ ತೆಗೆದರೆ ಮಾತ್ರ ಕಿರುಚಾಟ. ಒತ್ತಕ್ಷರ ಬರಲ್ಲ, ಕಳೆಯುವ ಲೆಕ್ಕ ಬರಲ್ಲ. ಮೊದಲು ಹೋಗುತ್ತಿದ್ದ ಥೆರಪಿ ಸೆಂಟರಿನಲ್ಲಿ ‘ರೈಲಿನ ಆಟದ ಸಾಮಾನೆಲ್ಲ ಬೀರುವಿನಲ್ಲಿಡಿ, ಓದಿದರೆ ಮಾತ್ರ ಕೊಡಿ’ ಅಂದರು. ಹಾಗೇ ಮಾಡಿದೆವು, ಹಟ ಇನ್ನೂ ಜಾಸ್ತಿಯಾಗಿದೆ. ನಾನು ಮೊಬೈಲಿನಲ್ಲಿ ರೈಲು ತೋರಿಸಿದ್ದಕ್ಕೇ ಮಗು ಹೀಗಾಯಿತು ಅಂತ ಅತ್ತೆಯವರು ಹೇಳುತ್ತಾರೆ. ಈಗ ಇನ್ನೊಬ್ಬರು, ‘ರೈಲು ಇಟ್ಟುಕೊಂಡೇ ಪಾಠ ಮಾಡಿ’ ಅನ್ನುತ್ತಿದ್ದಾರೆ. ಹಾಗೆ ಮಾಡಿದರೆ ಹುಚ್ಚು ಜಾಸ್ತಿಯಾಗಲ್ಲವೇ? ಜೀವನಪೂರ್ತಿ ರೈಲು ರೈಲು ಅಂತಲೇ ಇದ್ದುಬಿಟ್ಟರೆ ಏನು ಗತಿ?

ಉತ್ತರ: ನಮಸ್ಕಾರ. ನಿಮ್ಮ ಪತ್ರದಲ್ಲಿ ಎರಡು ಭಯ ಕಾಣುತ್ತಿದೆ. ರೈಲಿಗೆ ಜಾಗ ಕೊಟ್ಟರೆ ಓದು ಹಾಳಾಗುತ್ತದೇನೋ ಅನ್ನುವುದು ಒಂದು. ರೈಲು ಕಿತ್ತುಕೊಂಡರೆ ಮಗುವೇ ಕೈತಪ್ಪುತ್ತದೇನೋ ಅನ್ನುವುದು ಇನ್ನೊಂದು. ಬೀರುವಿನ ಪ್ರಯೋಗದ ಮೇಲೆ ಎರಡನೆಯ ಭಯ ನಿಮಗೇ ಗಟ್ಟಿಯಾಗಿದೆ, ಅಲ್ವಾ? ಆ ಭಯವನ್ನು ನಂಬಿ. ನನ್ನ ಸಲಹೆ ಇಷ್ಟು: ರೈಲನ್ನು ಪಾಠದ ಒಳಗೆ ತನ್ನಿ, ಪಾಠಕ್ಕೆ ಒತ್ತೆ ಇಡಬೇಡಿ. ಮತ್ತೆ, ರೈಲಿನಲ್ಲಿ ಒಂದು ಪಾಲನ್ನು ಪೂರ್ತಿ ಅವನಿಗೇ ಬಿಟ್ಟುಬಿಡಿ.

ಮೊದಲು ಅತ್ತೆಯವರ ಮಾತು. ಮೊಬೈಲಿನಲ್ಲಿ ರೈಲು ತೋರಿಸಿದ್ದರಿಂದ ಆಟಿಸಂ ಬರುವುದಿಲ್ಲ. ಅದು ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ, ಮಗು ಹುಟ್ಟುವ ಮೊದಲೇ ಶುರುವಾಗುವಂಥದ್ದು. ಜಾಸ್ತಿ ಹೊತ್ತು ಮೊಬೈಲ್ ನೋಡಿದರೆ ನಿದ್ದೆ ಕೆಡುತ್ತದೆ, ಮಾತಾಡುವ ಅವಕಾಶ ಕಡಿಮೆಯಾಗುತ್ತದೆ. ಅದಕ್ಕೊಂದು ಮಿತಿ ಇರಲಿ. ಆದರೆ ಅದು ಬೇರೆ ವಿಷಯ. ಒಂದೇ ವಿಷಯದ ಮೇಲೆ ಇಂಥ ತೀವ್ರ ಆಸಕ್ತಿ ಆಟಿಸಂನ ಭಾಗವೇ. ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು 1943ರಲ್ಲಿ ಆಟಿಸಂ ಬಗ್ಗೆ ವಿವರವಾಗಿ ಬರೆದಾಗ ಮೊಬೈಲ್ ಹಾಗಿರಲಿ, ಎಷ್ಟೋ ಮನೆಗಳಲ್ಲಿ ಟೀವಿಯೂ ಇರಲಿಲ್ಲ. ಈ ಪ್ಯಾರಾವನ್ನು ಅತ್ತೆಯವರಿಗೆ ಓದಿ ಹೇಳಿ. ತಪ್ಪು ನಿಮ್ಮದಲ್ಲ.

ಇನ್ನು ‘ಹುಚ್ಚು’ ಅನ್ನುವುದರ ವಿಚಾರ. ನಿಮ್ಮ ಮಗನಂಥವರ ಗಮನ ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಡೈನಾ ಮರ್ರಿ ಎಂಬ ಸಂಶೋಧಕಿ ಮತ್ತು ಅವರ ಜೊತೆಗಾರರು 2005ರಲ್ಲಿ ಒಂದು ವಿವರಣೆ ಕೊಟ್ಟರು. ಅದಕ್ಕೆ ಮೊನೋಟ್ರೋಪಿಸಂ ಅನ್ನುತ್ತಾರೆ. ನಿಮ್ಮೂರಿನ ತೆಂಗಿನ ತೋಟದ ಲೆಕ್ಕದಲ್ಲೇ ಹೇಳುತ್ತೇನೆ. ನಮ್ಮ ನಿಮ್ಮ ಗಮನ ತೋಟಕ್ಕೆ ಬಿಟ್ಟ ನೀರು ಎಲ್ಲ ಪಾತಿಗೂ ಸ್ವಲ್ಪ ಸ್ವಲ್ಪ ಹೋದ ಹಾಗೆ ಹಂಚಿಹೋಗುತ್ತದೆ. ಇಂಥ ಮಕ್ಕಳದ್ದು ಒಂದೇ ಪಾತಿಗೆ ಪೂರ್ತಿ ತಿರುಗುತ್ತದೆ. ಅಲ್ಲಿ ಬೇರಿನವರೆಗೂ ಇಳಿಯುತ್ತದೆ, ಪಕ್ಕದ ಪಾತಿ ಒಣಗೇ ಇರುತ್ತದೆ. ನೀವು ಕನ್ನಡ ಪುಸ್ತಕ ತೆಗೆದಾಗ ಅವನು ಬೇಕಂತಲೇ ಹಟ ಮಾಡುತ್ತಿರುವುದಿಲ್ಲ. ಎಲ್ಲ ಗಮನವನ್ನೂ ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ಹಾಕುವುದು ಅವನಿಗೆ ನಿಜವಾಗಿಯೂ ಕಷ್ಟ.

ಜೊತೆಗೆ, ರೈಲು ಅವನಿಗೆ ನೆಮ್ಮದಿ ಕೊಡುತ್ತದೆ. ನಿಟ್ಟೂರು ಆದ ಮೇಲೆ ಗುಬ್ಬಿಯೇ ಬರಬೇಕು, ಅದು ಯಾವತ್ತೂ ಬದಲಾಗುವುದಿಲ್ಲ. ಶಾಲೆಯಲ್ಲಿ ಏನು ಯಾವಾಗ ಬದಲಾಗುತ್ತದೋ ಯಾರಿಗೆ ಗೊತ್ತು? ಬೆಂಚು ಬದಲಾಗುತ್ತದೆ, ಟೀಚರ್ ರಜಾ ಹಾಕುತ್ತಾರೆ, ಪಕ್ಕದ ಹುಡುಗ ಸುಮ್ನೆ ಬೆನ್ನಿಗೆ ಗುದ್ದುತ್ತಾನೆ. ಅಂಥ ದಿನ ಸಂಜೆ ಬಂದು ಸ್ಟೇಷನ್ ಹೆಸರು ಹೇಳಿಕೊಳ್ಳುತ್ತಾ ಕೂತರೆ ಅವನು ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದಾನೆ ಅಂತ ತಿಳಿಯಿರಿ.

ಬೀರುವಿನ ಉಪಾಯ ಯಾಕೆ ಕೆಟ್ಟಿತು ಅಂತ ಈಗ ಗೊತ್ತಾಯಿತಲ್ಲ. ‘ಮೊದಲು ಇದು, ಆಮೇಲೆ ಅದು’ ಅನ್ನುವ ಕ್ರಮ ಹಳೆಯದು. ಡೇವಿಡ್ ಪ್ರೀಮ್ಯಾಕ್ ಎಂಬ ಮನಶ್ಶಾಸ್ತ್ರಜ್ಞ 1959ರಲ್ಲಿ ಅದನ್ನು ವಿವರಿಸಿದರು. ಹಲ್ಲುಜ್ಜಿದ ಮೇಲೆ ಆಟ, ಊಟ ಮುಗಿಸಿದ ಮೇಲೆ ರೈಲಿನ ಪುಸ್ತಕ. ಇಂಥ ಸಣ್ಣ ಕೆಲಸಕ್ಕೆ ಅದು ಸರಿ. ನಾನೂ ದಿನಾ ಬಳಸುತ್ತೇನೆ. ಆದರೆ ಮಗುವಿಗೆ ಧೈರ್ಯ ಕೊಡುವ ಒಂದೇ ಒಂದು ವಸ್ತುವನ್ನು ಬೀಗ ಹಾಕಿಟ್ಟು, ಅವನಿಗೆ ಇನ್ನೂ ಬಾರದ ಕೆಲಸವನ್ನು ಮಾಡಿದರೆ ಕೊಡುತ್ತೇನೆ ಅಂದರೆ? ಓದು ಅಂದರೆ ರೈಲನ್ನು ಕಸಿಯುವ ವಸ್ತು ಅಂತ ಅವನ ತಲೆಯಲ್ಲಿ ಕೂರುತ್ತದೆ. ಪುಸ್ತಕ ಕಂಡರೆ ಕಿರುಚುವುದು ಅದಕ್ಕೇ.

ಇದರ ಬದಲು ದಿನಕ್ಕೊಂದು ಸಮಯಪಟ್ಟಿ ಮಾಡಿ. ಇವನಿಗೆ ಅದು ರೈಲ್ವೆ ಟೈಮ್‌ಟೇಬಲ್ ಥರವೇ ಇರಲಿ. 4:30 ಶಾಲೆಯಿಂದ ಬಂದು ತಿಂಡಿ, 5:00 ರೈಲು, 5:40 ಪಾಠ, 6:00 ಹೊರಗೆ ಆಟ, ಹೀಗೆ. ರೈಲಿನ ಹೊತ್ತು ದಿನಾ ಬಂದೇ ಬರುತ್ತದೆ, ಓದಿದರೂ ಬರುತ್ತದೆ, ಓದದಿದ್ದರೂ ಬರುತ್ತದೆ. ಇದನ್ನು ಮುರಿಯಬೇಡಿ. ಸಿಕ್ಕೇ ಸಿಗುತ್ತದೆ ಅಂತ ನಂಬಿಕೆ ಬಂದ ಮೇಲೆ ಹಟ ಇಳಿಯುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಎಷ್ಟು ಹೊತ್ತು, ಎಲ್ಲಿ ಅನ್ನುವ ಮಿತಿ ಖಂಡಿತ ಇರಲಿ. ಪೂರ್ತಿ ಬೇಡ ಅನ್ನುವುದು ಬೇಡ.

ಈಗ ಪಾಠಕ್ಕೆ ಬರೋಣ. ಒತ್ತಕ್ಷರ ಬರಲ್ಲ ಅಂದಿರಿ. ನಿಮ್ಮ ಅದೃಷ್ಟ, ನಮ್ಮ ರೈಲ್ವೆ ಸ್ಟೇಷನ್‌ಗಳ ಹೆಸರಿನಲ್ಲೇ ಇಡೀ ಒತ್ತಕ್ಷರದ ಪಾಠ ಇದೆ! ಹಳದಿ ಡ್ರಾಯಿಂಗ್ ಶೀಟನ್ನು ಉದ್ದುದ್ದ ಪಟ್ಟಿಯಾಗಿ ಕತ್ತರಿಸಿ. ಕಪ್ಪು ಸ್ಕೆಚ್‌ಪೆನ್ನಿನಲ್ಲಿ ದೊಡ್ಡದಾಗಿ ಹೆಸರು ಬರೆಯಿರಿ. ಕೆಳಗೆ ಸಮುದ್ರ ಮಟ್ಟದಿಂದ ಎತ್ತರ ಅನ್ನುವ ಸಾಲಿಗೂ ಜಾಗ ಬಿಡಿ. ಸ್ಟೇಷನ್ ಬೋರ್ಡಿನಲ್ಲಿ ಅದು ಇರುತ್ತದೆ. ಇಲ್ಲದಿದ್ದರೆ ಅವನು ಇದು ಬೋರ್ಡೇ ಅಲ್ಲ ಅನ್ನಬಹುದು. ಒತ್ತಕ್ಷರವೇ ಇಲ್ಲದ ಹೆಸರಿನಿಂದ ಶುರು ಮಾಡಿ: ಕಡೂರು, ಬೀರೂರು, ಅರಸೀಕೆರೆ, ತಿಪಟೂರು. ದೀರ್ಘ ಎಲ್ಲಿದೆ, ಎಲ್ಲಿಲ್ಲ ಅಂತ ಬೆರಳಿಟ್ಟು ತೋರಿಸಲಿ. ಆಮೇಲೆ ಅದೇ ಅಕ್ಷರಕ್ಕೆ ಅದೇ ಒತ್ತು ಬರುವ ಊರುಗಳು: ಗುಬ್ಬಿ, ನಿಟ್ಟೂರು, ಶಿವಮೊಗ್ಗ, ಮದ್ದೂರು, ಹುಬ್ಬಳ್ಳಿ. ಅದು ಗಟ್ಟಿಯಾದ ಮೇಲೆ ಬೇರೆ ಅಕ್ಷರದ ಒತ್ತು: ಮಂಡ್ಯ, ಬಾಣಸಂದ್ರ, ಅಮ್ಮಸಂದ್ರ. ಅಮ್ಮಸಂದ್ರದಲ್ಲಿ ಎರಡೂ ಬಗೆ ಸಿಗುತ್ತದೆ.

ಇಲ್ಲೊಂದು ಕಡೆ ಹುಷಾರಾಗಿರಬೇಕು. ಅವನಿಗೆ ಸ್ಟೇಷನ್ ಸಾಲು ಬಾಯಿಪಾಠ. ಬೋರ್ಡುಗಳನ್ನು ವರಸೆಯಾಗಿ ಇಟ್ಟರೆ ಅಕ್ಷರ ನೋಡದೆಯೇ ಸರಸರ ಹೇಳಿಬಿಡುತ್ತಾನೆ. ನಿಮಗೆ ಓದಿದ ಹಾಗೇ ಕಾಣುತ್ತದೆ. ಅದಕ್ಕೆ ಪಟ್ಟಿಗಳನ್ನು ಕಲಸಿ ಇಡಿ. ಒಂದೊಂದರಲ್ಲಿ ಬೇಕಂತಲೇ ತಪ್ಪು ಮಾಡಿ, ‘ಗುಬಿ’ ಅಂತಲೋ ‘ಮದೂರು’ ಅಂತಲೋ ಬರೆಯಿರಿ. ಅವನು ಬೋರ್ಡ್ ಇನ್‌ಸ್ಪೆಕ್ಟರ್. ತಪ್ಪು ಹಿಡಿದು, ಒತ್ತು ಕೊಟ್ಟು ಸರಿಮಾಡಬೇಕು. ತಪ್ಪು ಬೋರ್ಡನ್ನು ಇಂಥ ಮಕ್ಕಳು ಒಂದು ಕ್ಷಣವೂ ಸಹಿಸುವುದಿಲ್ಲ. ಬರೆಯುವುದಿಲ್ಲ ಅಂತ ಪೆನ್ಸಿಲ್ ಬಿಸಾಡುತ್ತಿದ್ದವರು ತಾವೇ ಸ್ಕೆಚ್‌ಪೆನ್ ಕೇಳಿ ತಗೊಂಡಿದ್ದು ನನಗೆ ಗೊತ್ತು.

ಇಷ್ಟಕ್ಕೇ ನಿಂತರೆ ಪ್ರಯೋಜನ ಅರ್ಧ. ಗುಬ್ಬಿ ಸ್ಟೇಷನ್ ಓದಿದವನು ‘ಹಬ್ಬ’ ಓದಬೇಕು. ಈ ದಾಟುವಿಕೆ ತಾನಾಗಿ ಆಗುವುದಿಲ್ಲ, ಮೆಟ್ಟಿಲು ಹಾಕಿ ಕೊಡಬೇಕು. ಗುಬ್ಬಿ ಆದ ಮೇಲೆ ಡಬ್ಬಿ ಬರಲಿ. ರೈಲಿಗೂ ಡಬ್ಬಿ ಇದೆ, ಅಡುಗೆಮನೆಯಲ್ಲೂ ಇದೆ. ಡಬ್ಬಿಯಾದ ಮೇಲೆ ಕಬ್ಬು, ಅದಾದ ಮೇಲೆ ಹಬ್ಬ. ‘ಯುಗಾದಿ ಹಬ್ಬಕ್ಕೆ ಅಜ್ಜಿ ಗುಬ್ಬಿಯಿಂದ ರೈಲಿನಲ್ಲಿ ಬಂದರು’ ಅಂತ ಒಂದು ಸಾಲು ಬರೆಯಿರಿ. ದಿನ ಕಳೆದ ಹಾಗೆ ಸಾಲಿನಲ್ಲಿ ರೈಲು ಕಡಿಮೆಯಾಗಲಿ, ಬೇರೆ ಮಾತು ಜಾಸ್ತಿಯಾಗಲಿ. ಕೊನೆಗೆ ಶಾಲೆಯ ಪುಸ್ತಕದ್ದೇ ಒಂದು ಸಾಲು. ಅವಸರ ಮಾಡಬೇಡಿ. ಪುಸ್ತಕದ ಸಾಲು ಬಂದ ದಿನ ಮುಖ ಗಂಟಿಕ್ಕಿದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ.

ಲೆಕ್ಕಕ್ಕೂ ಇದೇ ದಾರಿ. ರೈಲಿನ ನಂಬರು 2010ರ ಡಿಸೆಂಬರಿನಿಂದ ಐದಂಕಿ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಬೆಂಗಳೂರಿನಿಂದ ಹೊರಟಾಗ 16589, ವಾಪಸ್ ಬರುವಾಗ 16590. ಬಿಡಿ, ಹತ್ತು, ನೂರು, ಸಾವಿರ ಅಂತ ಸ್ಥಾನಬೆಲೆ ಹೇಳಿಕೊಡಲು, ಸಮ-ಬೆಸ ತೋರಿಸಲು, 89 ಆದ ಮೇಲೆ 90 ಯಾಕೆ ಬಂತು ಅಂತ ಕೇಳಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕಾ? ಮೊದಲ ಅಂಕಿ 0 ಆದರೆ ವಿಶೇಷ ರೈಲು, 5 ಆದರೆ ಪ್ಯಾಸೆಂಜರ್ ಅನ್ನುವುದು ಅವನಿಗೇ ಗೊತ್ತಿರಬಹುದು. ಅವನೇ ನಿಮಗೆ ಹೇಳಿಕೊಡಲಿ. ಕಳೆಯುವ ಲೆಕ್ಕಕ್ಕೆ ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ ಇದೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು, ಉದ್ದ 1507 ಮೀಟರ್. ಅದಕ್ಕೂ ಮೊದಲು ಜಗತ್ತಿನಲ್ಲೇ ಉದ್ದ ಅನ್ನಿಸಿಕೊಂಡಿದ್ದ ಗೋರಖ್‌ಪುರದ್ದು 1366 ಮೀಟರ್. ನಮ್ಮದು ಎಷ್ಟು ಉದ್ದ ಜಾಸ್ತಿ? ಹತ್ತರ ಸ್ಥಾನದಲ್ಲಿ ಸೊನ್ನೆ ಇದೆ, ಆರು ಕಳೆಯಬೇಕು, ನೂರರ ಮನೆಯಿಂದ ತರಲೇಬೇಕು. ಉತ್ತರ 141. ಮೂರನೇ ಕ್ಲಾಸಿಗೆ ಇದು ಸ್ವಲ್ಪ ದೊಡ್ಡ ಸಂಖ್ಯೆ. ಮೊದಲು ರೈಲು ಎಷ್ಟು ನಿಮಿಷ ಲೇಟು ಅನ್ನುವಂಥ ಎರಡಂಕಿಯ ಲೆಕ್ಕ ಮಾಡಿಸಿ, ಆಮೇಲೆ ಹುಬ್ಬಳ್ಳಿಗೆ ಹೋಗಿ.

ಲೇಟ್ ಅನ್ನುವ ಮಾತು ಇನ್ನೊಂದಕ್ಕೂ ಬರುತ್ತದೆ. ಬದಲಾವಣೆ ಅವನಿಗೆ ಕಷ್ಟ ಅಂದೆನಲ್ಲ. ರೈಲು ತಡವಾಗುತ್ತದೆ, ಪ್ಲಾಟ್‌ಫಾರ್ಮ್ ಬದಲಾಗುತ್ತದೆ, ಆದರೂ ಬರುತ್ತದೆ ಅನ್ನುವುದು ಅವನಿಗೆ ಗೊತ್ತಿರುವ ಸಂಗತಿ. ‘ಪ್ರಯಾಣಿಕರೇ, ದಯವಿಟ್ಟು ಗಮನಿಸಿ. ಇವತ್ತು ಪಾಠ ಅರ್ಧ ಗಂಟೆ ತಡ’ ಅಂತ ನೀವು ಅನೌನ್ಸ್ ಮಾಡಿದರೆ ಅವನು ತಗೊಳ್ಳುವ ರೀತಿಯೇ ಬೇರೆ.

ಬರೀ ರೈಲಿನ ಮಾತಾಡುತ್ತಾನೆ, ಬೇರೆಯವರ ಮಾತು ಕೇಳುವುದಿಲ್ಲ ಅನ್ನುವುದಕ್ಕೆ ಟಿಕೆಟ್ ಕೌಂಟರ್ ಆಟ ಆಡಿಸಿ. ಅವನು ಕೌಂಟರಿನಲ್ಲಿ, ನೀವು ಪ್ರಯಾಣಿಕರು. ಎಲ್ಲಿಗೆ, ಎಷ್ಟು ಜನ, ಯಾವತ್ತು ಅಂತ ಅವನು ಕೇಳಲೇಬೇಕು, ಉತ್ತರ ಕೇಳಿಸಿಕೊಳ್ಳಲೇಬೇಕು. ಇಲ್ಲದಿದ್ದರೆ ಟಿಕೆಟ್ ಬರೆಯಲು ಆಗುವುದಿಲ್ಲ. ಆಮೇಲೆ ಅಪ್ಪ ಬರಲಿ, ಪಕ್ಕದ ಮನೆಯ ಹುಡುಗಿ ಬರಲಿ. ಅಮೆರಿಕದಲ್ಲಿ ಕೋಗೆಲ್ ದಂಪತಿ ಮತ್ತು ಜೊತೆಗಾರರು 1998ರಲ್ಲಿ ಇಂಥದ್ದೇ ಒಂದು ಕೆಲಸ ಮಾಡಿ ವರದಿ ಬರೆದರು. ನಕ್ಷೆಯ ಗುಂಗಿನಲ್ಲೇ ಇರುತ್ತಿದ್ದ ಮಗುವಿಗಾಗಿ ಆಟದ ಬಯಲಿನಲ್ಲಿ ದೇಶದ ದೊಡ್ಡ ನಕ್ಷೆ ಮಾಡಿ, ಅದರ ಮೇಲೆ ಎಲ್ಲ ಮಕ್ಕಳೂ ಮುಟ್ಟಾಟ ಆಡುವ ಹಾಗೆ ಮಾಡಿದರು. ಜೊತೆಯ ಮಕ್ಕಳೊಂದಿಗೆ ಬೆರೆಯುವುದು ಜಾಸ್ತಿಯಾಯಿತು. ಆಸಕ್ತಿಗೆ ಸಂಬಂಧವಿಲ್ಲದ ಬೇರೆ ಆಟಗಳಿಗೂ ಅದು ಹಬ್ಬಿತು. ನಿಮ್ಮ ಮನೆ ಮುಂದೆ ಸೀಮೆಸುಣ್ಣದಲ್ಲಿ ತಿಪಟೂರಿನಿಂದ ತುಮಕೂರಿನವರೆಗೆ ಗೆರೆ ಎಳೆದು ಸ್ಟೇಷನ್ ಗುರುತು ಮಾಡಿ ನೋಡಿ. ‘ಬಾಣಸಂದ್ರ!’ ಅಂತ ಅವನು ಕೂಗಬೇಕು, ಬೀದಿಯ ಮಕ್ಕಳು ಓಡಿ ನಿಲ್ಲಬೇಕು. ಯಾವ ಸ್ಟೇಷನ್ ಎಲ್ಲಿದೆ ಅಂತ ಗೊತ್ತಿರುವುದು ಅವನೊಬ್ಬನಿಗೇ. ಮಕ್ಕಳು ಅವನನ್ನು ಕೇಳಿಕೊಂಡು ಬರುವ ಆಟ ಅದು. ಅಂಥ ಆಟ ಇವನ ಬಾಳಿನಲ್ಲಿ ಎಷ್ಟು ಅಪರೂಪ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಹಾಳೆಯ ಮೂಲೆಯಲ್ಲಿ ರೈಲಿನ ಚಿತ್ರ ಅಂಟಿಸಿ ಅದೇ ಹಳೆಯ ಲೆಕ್ಕ ಕೊಡುವುದನ್ನು ಮಾತ್ರ ಮಾಡಬೇಡಿ. ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ರೈಲು ತೆಗೆದರೆ ಲೆಕ್ಕವೇ ಇಲ್ಲ ಅನ್ನುವ ಹಾಗಿರಬೇಕು.

ಹುಚ್ಚು ಜಾಸ್ತಿಯಾಗಲ್ಲವೇ ಅಂತ ಕೇಳಿದಿರಿ. ಶುರುವಿನ ಕೆಲವು ವಾರ ರೈಲಿನ ಮಾತು ಸ್ವಲ್ಪ ಜಾಸ್ತಿಯಾಗಬಹುದು. ಇಷ್ಟು ದಿನ ಬೀಗದಲ್ಲಿತ್ತು, ಈಗ ಮನೆಯವರೆಲ್ಲ ಸೇರಿಕೊಂಡಿದ್ದಾರೆ, ಸಹಜ. ಪಾಠದಲ್ಲಿ ಬಳಸಿದ್ದಕ್ಕೇ ಆಸಕ್ತಿ ರೋಗವಾಗಿ ಬೆಳೆದದ್ದನ್ನು ನಾನು ಕಂಡಿಲ್ಲ. ಅದಕ್ಕಿಂತ ನನಗೆ ಚಿಂತೆ ಇರುವುದು ಉಲ್ಟಾ ಅಪಾಯದ ಬಗ್ಗೆ. ಎಲ್ಲದಕ್ಕೂ ರೈಲು ತಂದು ತಂದು, ಅವನಿಗೆ ರೈಲೇ ಬೇಜಾರಾಗಿಬಿಟ್ಟರೆ? 1973ರಲ್ಲಿ ಮಾರ್ಕ್ ಲೆಪ್ಪರ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ‘ಬಿಡಿಸಿದರೆ ಬಹುಮಾನ’ ಅಂದರು. ಆಮೇಲೆ ಸುಮ್ಮನೆ ಬಿಟ್ಟಾಗ ಆ ಮಕ್ಕಳು ಮೊದಲಿನಷ್ಟು ಚಿತ್ರ ಬಿಡಿಸಲಿಲ್ಲ. ಇಷ್ಟದ ಕೆಲಸ ಡ್ಯೂಟಿಯಾದರೆ ಹೀಗಾಗುತ್ತದೆ. ಆ ಮಕ್ಕಳಿಗೆ ಆಟಿಸಂ ಇರಲಿಲ್ಲ, ಪಾಠದ ವಿಷಯವೂ ಅದಲ್ಲ. ಆದರೂ ನಾನು ಅದನ್ನು ನೆನಪಿನಲ್ಲಿಟ್ಟುಕೊಂಡೇ ಕೆಲಸ ಮಾಡುತ್ತೇನೆ. ಅದಕ್ಕೇ 5:00ರ ರೈಲಿನ ಹೊತ್ತಿನಲ್ಲಿ ಯಾವ ಪ್ರಶ್ನೆಯೂ ಬೇಡ. ಇದು ಯಾವ ಬಣ್ಣ, ಎಷ್ಟು ಬೋಗಿ, ಇಂಗ್ಲಿಷಿನಲ್ಲಿ ಹೇಳು, ಏನೂ ಬೇಡ. ಅವನು ಕರೆದರೆ ಪಕ್ಕದಲ್ಲಿ ಕೂತು ನೋಡಿ. ಪಾಠದಲ್ಲೂ ದಿನಾ ರೈಲು ಬೇಕಾಗಿಲ್ಲ. ಅವನಿಗೆ ತೀರಾ ಕಷ್ಟವಾದ ಒಂದೋ ಎರಡೋ ವಿಷಯಕ್ಕೆ ಇಟ್ಟುಕೊಳ್ಳಿ.

ಇನ್ನೊಂದು ಅಪಾಯದ ಬಗ್ಗೆ ಖಡಕ್ಕಾಗಿ ಹೇಳಬೇಕು. ಹಳಿ ಇರುವ ಊರಿನಲ್ಲಿದ್ದೀರಿ. ಆಟಿಸಂ ಇರುವ ಮಕ್ಕಳು ಹೇಳದೆ ಕೇಳದೆ ಮನೆಯಿಂದ ಹೊರಟುಬಿಡುವುದು ಉಂಟು, ಹೋಗುವುದೂ ಇಷ್ಟದ ಜಾಗಕ್ಕೇ. ಬಾಗಿಲಿಗೆ ಅವನ ಕೈಗೆಟುಕದ ಚಿಲಕ ಹಾಕಿಸಿ. ಜೇಬಿನಲ್ಲಿ ಹೆಸರು, ಫೋನ್ ನಂಬರ್ ಇರುವ ಕಾರ್ಡ್ ಇರಲಿ. ಸ್ಟೇಷನ್ ಸಿಬ್ಬಂದಿಗೂ ಹತ್ತಿರದ ಅಂಗಡಿಯವರಿಗೂ ಅವನ ಪರಿಚಯ ಮಾಡಿಸಿ, ಒಬ್ಬನೇ ಕಂಡರೆ ಫೋನ್ ಮಾಡಿ ಅಂತ ಕೇಳಿಕೊಳ್ಳಿ. ರೈಲು ನೋಡುವುದು ದೊಡ್ಡವರ ಕೈ ಹಿಡಿದು, ಪ್ಲಾಟ್‌ಫಾರ್ಮಿನ ಅಂಚಿನಿಂದ ದೂರ. ಈ ನಿಯಮಕ್ಕೆ ಒಂದು ದಿನವೂ ವಿನಾಯಿತಿ ಇಲ್ಲ. ಅವನು ಈ ನಿಯಮವನ್ನು ತನ್ನ ಕೈಯಲ್ಲೇ ಬೋರ್ಡಾಗಿ ಬರೆದರೆ ಪಾಲಿಸುವ ಸಾಧ್ಯತೆ ಜಾಸ್ತಿ.

ಜೀವನಪೂರ್ತಿ ಹೀಗೇ ಇದ್ದರೆ ಅನ್ನುವುದಕ್ಕೆ ಟೆಂಪಲ್ ಗ್ರ್ಯಾಂಡಿನ್ ಅವರ ವಿಷಯ ಹೇಳುತ್ತೇನೆ. ಅವರಿಗೂ ಆಟಿಸಂ ಇದೆ. ಹುಡುಗಿಯಾಗಿದ್ದಾಗ, ದನಗಳನ್ನು ಚುಚ್ಚುಮದ್ದಿಗೆ ಹಿಡಿದು ನಿಲ್ಲಿಸುವ ಕಟ್ಟಿನ ಮೇಲೆ ಅವರಿಗೆ ವಿಪರೀತ ಗೀಳು. ಅದರೊಳಗೆ ನಿಂತರೆ ಮನಸ್ಸು ಶಾಂತವಾಗುತ್ತದೆ ಅಂತ ತಮಗಾಗಿಯೇ ಒಂದನ್ನು ಮಾಡಿಕೊಂಡಿದ್ದರು. ಸುತ್ತಲಿನವರು ಅದನ್ನು ಬಿಡಿಸಲು ನೋಡಿದರು. ಕಾರ್ಲಾಕ್ ಅನ್ನುವ ವಿಜ್ಞಾನದ ಮೇಷ್ಟ್ರು ಮಾತ್ರ, ಒತ್ತಿ ಹಿಡಿದರೆ ಯಾಕೆ ಶಾಂತವಾಗುತ್ತದೆ ಅಂತ ತಿಳಿಯಬೇಕಾದರೆ ವಿಜ್ಞಾನ ಓದು ಅಂದರು. ಓದಿದರು. ಮುಂದೆ ಪ್ರಾಣಿವಿಜ್ಞಾನದ ಪ್ರೊಫೆಸರ್ ಆದರು, ದನಗಳಿಗೆ ಹೆದರಿಕೆಯಾಗದಂಥ ಕಟ್ಟುಗಳನ್ನು ವಿನ್ಯಾಸ ಮಾಡಿದರು. ನಿಮ್ಮ ಮಗನೂ ರೈಲ್ವೆಯಲ್ಲಿ ದೊಡ್ಡ ಇಂಜಿನಿಯರ್ ಆಗುತ್ತಾನೆ ಅಂತ ನಾನು ಹೇಳುತ್ತಿಲ್ಲ, ನೆಂಟರು ಹೇಳಿದರೂ ಆ ಭಾರ ಅವನ ಮೇಲೆ ಹೊರಿಸಬೇಡಿ. ಸ್ಟೇಷನ್ ಹೆಸರು ನೆನಪಿರುವುದು ಬೇರೆ, ಒಂದು ಕೆಲಸ ನಿಭಾಯಿಸುವುದು ಬೇರೆ. ಎರಡು ವರ್ಷದಲ್ಲಿ ರೈಲು ಹೋಗಿ ಗ್ರಹ-ನಕ್ಷತ್ರ ಬರಲೂಬಹುದು. ಆಗ ಪಾಠವೂ ಅಲ್ಲಿಗೇ ಹೋಗಲಿ.

ಶಾಲೆಯ ಟೀಚರ್ ಜೊತೆ ಮಾತಾಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡುವುದು ಶಾಲೆಯ ಹೊಣೆ. ಆದರೆ ಕಾಯ್ದೆಯಿಂದ ಮಾತು ಶುರು ಮಾಡಬೇಡಿ. ಐವತ್ತು ಮಕ್ಕಳ ಕ್ಲಾಸಿನಲ್ಲಿ ಅವರಿಗೆ ಸಾಧ್ಯವಾಗುವ ಒಂದೇ ಒಂದು ಸಣ್ಣ ವಿಷಯ ಕೇಳಿ. ಅವನು ಮಾಡಿದ ಹಳದಿ ಬೋರ್ಡುಗಳನ್ನು ಕೊಟ್ಟು, ಕಾಪಿ ಬರೆಯುವಾಗ ಇದರಿಂದ ಬರೆಯಲಿ ಅನ್ನಿ. ಸಾಕು.

ಕೊನೆಯದಾಗಿ, ಯಾವಾಗ ನನ್ನಂಥವರ ಉತ್ತರ ಸಾಲದು ಅಂತ ಹೇಳುತ್ತೇನೆ. ರೈಲಿನ ಮಾತಾಡುವಾಗ ಅವನ ಮುಖ ಅರಳಿದರೆ ಅದು ಆಸಕ್ತಿ. ಹೆದರಿಕೊಂಡು, ಅಳುತ್ತಾ, ಸ್ಟೇಷನ್ ಸಾಲಿನಲ್ಲಿ ಒಂದು ಹೆಸರು ತಪ್ಪಿದರೂ ಏನೋ ಕೆಟ್ಟದಾಗುತ್ತದೆ ಅಂತ ಮೊದಲಿಂದ ಶುರು ಮಾಡುತ್ತಿದ್ದರೆ ಅದು ಆತಂಕ, ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ. ಊಟ, ನಿದ್ದೆ ಬಿಟ್ಟರೆ, ತನ್ನನ್ನೋ ಬೇರೆಯವರನ್ನೋ ನೋಯಿಸಿಕೊಂಡರೆ ಕಾಯಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಇದೆ. ಮಾತು, ಸಂವಹನದ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹೋಗುವ ಮೊದಲು ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡಿ: ರೈಲಿನ ಮಾತು ಯಾವಾಗ ಜಾಸ್ತಿಯಾಯಿತು, ಅದಕ್ಕೆ ಮುಂಚೆ ಏನು ನಡೆದಿತ್ತು, ಹೇಗೆ ನಿಂತಿತು. ಅಲ್ಲಿ ಕೇಳುವ ಅರ್ಧಕ್ಕರ್ಧ ಪ್ರಶ್ನೆಗಳಿಗೆ ಉತ್ತರ ಆ ಪುಸ್ತಕದಲ್ಲೇ ಸಿಗುತ್ತದೆ.